18 ತುಂಬುವ ಮಕ್ಕಳ ಪೋಷಕರಿಗೆ ಪತ್ರ

ತುಮಕೂರು

ಮಾನ್ಯ ಪೋಷಕರೇ,

ಬೇರೆಯಾಗಿ ಬದುಕುತ್ತಿರುವ ತಂದೆ ತಾಯಂದಿರಿಗೆ ಈ ಪತ್ರ. ಇಬ್ಬರ ವಿಳಾಸಕ್ಕೂ ಒಂದೊಂದು ಪ್ರತಿ ಅಂಚೆಯಲ್ಲಿ ಕಳಿಸಿದ್ದೇವೆ. ಮಕ್ಕಳ ಕೈಯಲ್ಲಿ ಕೊಟ್ಟಿಲ್ಲ, ನೀವೂ ಉತ್ತರವನ್ನು ಅವರ ಕೈಯಲ್ಲಿ ಕಳಿಸಬೇಡಿ.

ದ್ವಿತೀಯ ಪಿಯುಸಿ ಹೊತ್ತಿಗೆ ಹೆಚ್ಚಿನವರಿಗೆ 18 ತುಂಬುತ್ತದೆ. ಅಂದಿಗೆ ಕೋರ್ಟಿನ ಕಸ್ಟಡಿ ಆದೇಶ ಮುಗಿಯಿತು. ಇದುವರೆಗೆ ಭಾನುವಾರ ಬೆಂಗಳೂರಿನ ಅಪ್ಪನ ಮನೆಗೆ ಹೋಗುವುದು ಕೋರ್ಟು ಹೇಳಿದ ಮಾತಾಗಿತ್ತು. ಇನ್ನು ಹೋದರೆ ಅಮ್ಮನಿಗೆ ನೋವು, ಹೋಗದಿದ್ದರೆ ಅಪ್ಪನಿಗೆ. ಎರಡರ ಹೊರೆಯೂ ಮಕ್ಕಳ ತಲೆಯ ಮೇಲೆ. ಅಂಕಪಟ್ಟಿ ಬಂದ ದಿನ ಮೊದಲು ಯಾರಿಗೆ ಹೇಳಲಿ ಎಂದು ಮೊಬೈಲ್ ಹಿಡಿದುಕೊಂಡೇ ಕಾರಿಡಾರಿನಲ್ಲಿ ನಿಂತುಬಿಡುತ್ತಾರೆ. "ಯಾರಿಗೆ ಮೊದಲು ಹೇಳಿದೆ?" ಎಂದು ದಯವಿಟ್ಟು ಕೇಳಬೇಡಿ.

ದುಡ್ಡಿರುವ ಮನೆಗಳಲ್ಲಿ ತೊಡಕು ಇನ್ನೂ ಹೆಚ್ಚು. ಹಿಂದೂ ಕಾನೂನಿನ ಪ್ರಕಾರ ಮಗನ ಜೀವನಾಂಶದ ಹಕ್ಕು ಸಾಮಾನ್ಯವಾಗಿ 18ಕ್ಕೆ ನಿಲ್ಲುತ್ತದೆ. ಸ್ವಂತ ಆದಾಯ ಸಾಲದ ಮಗಳಿಗೆ ಮದುವೆಯಾಗುವವರೆಗೂ ಇದೆ. ದೊಡ್ಡ ಫೀ ಶುರುವಾಗುವುದೂ ಆಗಲೇ. ಸಿಇಟಿ ಸೀಟು ಹಂಚಿಕೆಯಾದ ಮೇಲೆ ಕಟ್ಟಲು ಕೆಲವೇ ದಿನ ಇರುತ್ತದೆ. "ನಿಮ್ಮಪ್ಪ ಕೊಡಲಿ" ಎನ್ನುವಷ್ಟರಲ್ಲಿ ಗಡುವು ಮುಗಿಯಬಹುದು. ಆದ್ದರಿಂದ ಕಾಲೇಜು ಫೀ, ಹಾಸ್ಟೆಲ್, ಕೈಖರ್ಚು ಯಾರ ಪಾಲಿಗೆ ಎಷ್ಟು ಎಂದು ಈಗಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕೈಖರ್ಚು ಪ್ರತಿ ತಿಂಗಳು ಗೊತ್ತಾದ ತಾರೀಖಿಗೆ ನೇರವಾಗಿ ಮಕ್ಕಳ ಖಾತೆಗೇ ಹೋಗಲಿ.

ಕಾಗದಪತ್ರಕ್ಕೂ ಒಂದು ಕ್ರಮವಿದೆ. ಮೊದಲು ಫೋಟೊ, ಸಹಿ ಇರುವ ಹೊಸ ಪ್ಯಾನ್ ಕಾರ್ಡ್. ಆಮೇಲೆ ಬ್ಯಾಂಕಿನಲ್ಲಿ ಕೆವೈಸಿ (ಗುರುತು, ವಿಳಾಸದ ದಾಖಲೆ) ಮತ್ತು ಮಾದರಿ ಸಹಿ. ಕೊನೆಗೆ ಮ್ಯೂಚುವಲ್ ಫಂಡ್. 18 ತುಂಬಿದ ಮೇಲೆ ಮೈನರ್ ಹೆಸರಿನ ಫೋಲಿಯೋ (ಫಂಡಿನ ಖಾತೆ) ಮೇಜರ್ ಎಂದು ಬದಲಾಗುವವರೆಗೆ ಎಸ್‌ಐಪಿ, ಅಂದರೆ ಕಂತಿನ ಹೂಡಿಕೆ, ನಿಲ್ಲುತ್ತದೆ, ಹಣ ತೆಗೆಯಲೂ ಆಗದು. ಪಾಸ್‌ಬುಕ್ ಒಬ್ಬರ ಬೀರುವಿನಲ್ಲಿ, ಜನನ ಪ್ರಮಾಣಪತ್ರ ಇನ್ನೊಬ್ಬರ ಬೀರುವಿನಲ್ಲಿ ಇರುವುದೇ ಹೆಚ್ಚು. ಎರಡು ತಿಂಗಳು ಮೊದಲೇ ಒಂದೆಡೆ ಸೇರಿಸಿ. ಮಕ್ಕಳ ಹೆಸರಿನ ಸೈಟು, ತೋಟವನ್ನು ಗಾರ್ಡಿಯನ್ ಆದವರು ಕೋರ್ಟಿನ ಅನುಮತಿಯಿಲ್ಲದೆ ಮಾರಿದ್ದರೆ, 18 ತುಂಬಿದ 3 ವರ್ಷದೊಳಗೆ ಮಕ್ಕಳು ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಇಂಥ ಸಂಗತಿ ಇದ್ದರೆ ನೀವೇ ಹೇಳಿ, ಪರೀಕ್ಷೆ ಮುಗಿದ ಮೇಲೆ.

ಒಬ್ಬರು ಫೋನ್ ಕೊಡಿಸಿದರೆಂದು ಇನ್ನೊಬ್ಬರು 17ಕ್ಕೇ ಕಾರಿನ ಕೀ ಕೊಡುವುದುಂಟು. ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಮಕ್ಕಳಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ.

ಪೋಷಕರ ಸಭೆಗೆ ಒಟ್ಟಿಗೆ ಬರಲಾಗದವರಿಗೆ ಬೇರೆ ಬೇರೆ ಸಮಯ ಕೊಡುತ್ತೇವೆ. ಇಬ್ಬರಿಗೂ ಹೇಳುವುದು ಒಂದೇ ಮಾತು. ಮಕ್ಕಳು ಊಟ, ನಿದ್ದೆ ಬಿಟ್ಟಿದ್ದು ಕಂಡರೆ ಸಭೆಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಜೊತೆಗಿರುವ ಚೀಟಿಯಲ್ಲಿ ನಿಮಗೆ ಅನುಕೂಲವಾದ ಸಮಯ ಬರೆದು ಶನಿವಾರದೊಳಗೆ ಕಚೇರಿಗೆ ತಲುಪಿಸಿ.

ಇಂತಿ ನಿಮ್ಮ ವಿಶ್ವಾಸಿ,
ಪ್ರಾಂಶುಪಾಲರು