ಮೊದಲು ಅಪ್ಪನ ಕಾಲಿನ ಫೋಟೋ ಕಳಿಸು

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಇಲ್ಲಿ ಕ್ಷೇಮ. ಅಲ್ಲೂ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ಅಣ್ಣ, ಇದನ್ನು ಪ್ರಿಂಟ್ ತೆಗೆದು ಅಮ್ಮನ ಕೈಗೇ ಕೊಡು. ನೀನು ಓದಿ ಹೇಳೋಕೆ ಕೂತರೆ ಅರ್ಧ ನುಂಗಿಬಿಡ್ತೀಯ.

ಅಮ್ಮಾ, ನಿನ್ನ ನಾಲ್ಕು ಪುಟದ ಕಾಗದದ ಫೋಟೋಗಳು ಕೊಲಂಬಿಯಾದ ಕಾರ್ಟಹೇನಾ ಬಂದರಿನಲ್ಲಿ ಸಿಕ್ಕವು. ಅಲ್ಲಿ ಫೋನಿಗೆ ಇಳಿಸಿಕೊಂಡೆ, ಓದಿದ್ದು ರಾತ್ರಿ ಹಡಗು ಹೊರಟ ಮೇಲೆ. ಮೂರೂ ಮುಕ್ಕಾಲು ಪುಟ ಮಕ್ಕಳು ಸಮುದ್ರಕ್ಕೆ ಬಿದ್ದರೆ ಏನು ಗತಿ ಅಂತಲೇ ಇದೆ. ಕೊನೆಗೆ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಒಂದು ಸಾಲು: ಅಪ್ಪನಿಗೆ ಚಪ್ಪಲಿ ಕಚ್ಚಿ ಕಾಲಿನ ಹೆಬ್ಬೆಟ್ಟಿನ ಕೆಳಗೆ ಗಾಯ ಆಗಿದೆ, ಮೂರು ವಾರ ಆಯ್ತು, ನೋವೇನೂ ಇಲ್ಲವಂತೆ, ನೀನು ಯೋಚನೆ ಮಾಡಬೇಡ. ಇದನ್ನಾ ಅಮ್ಮಾ ಅಂಚಿನಲ್ಲಿ ಬರೆಯೋದು?

ಆಗಲೇ ಅಣ್ಣನಿಗೆ ಮೆಸೇಜ್ ಹಾಕಿದೆ. ಅಪ್ಪನ ಹೆಬ್ಬೆಟ್ಟಿನ ಫೋಟೋ ಕಳಿಸು ಅಂದೆ. ಬಂದದ್ದು ವಾಟ್ಸಾಪಿನ ಹೆಬ್ಬೆಟ್ಟು. ಅಷ್ಟೇ. ಅವನಿಗೆ ಏನು ಹೇಳಲಿ!

ಇರಲಿ, ಮಕ್ಕಳ ವಿಷಯ ಮೊದಲು ಮುಗಿಸುತ್ತೇನೆ. ಇಲ್ಲದಿದ್ದರೆ ಉಳಿದದ್ದನ್ನು ನೀನು ಓದೋದೇ ಇಲ್ಲ. ಸಮುದ್ರಕ್ಕೆ ಯಾರೂ ಬೀಳುವುದಿಲ್ಲ. ಬೀಳೋಕೆ ದಾರಿಯೇ ಇಲ್ಲ. ನಾವು ಬಾಲ್ಕನಿ ಇರುವ ರೂಮು ತಗೊಂಡೇ ಇಲ್ಲ. ಒಂದು ಕಿಟಕಿ ಇದೆ, ಅದನ್ನು ತೆರೆಯೋಕೆ ಬರುವುದಿಲ್ಲ. ಮೇಲಿನ ಡೆಕ್ಕಿನಲ್ಲಿ ಕಟಕಟೆ ನನ್ನ ಎದೆಯ ಮಟ್ಟಕ್ಕಿದೆ. ಹಡಗು ಹೊರಡುವ ಮೊದಲೇ, ಅಪಾಯ ಬಂದರೆ ಯಾರು ಎಲ್ಲಿ ಸೇರಬೇಕು ಅಂತ ಎಲ್ಲರಿಗೂ ತೋರಿಸಿದರು. ಇದು ಕಡ್ಡಾಯ. ಮಕ್ಕಳ ಕೈಗೆ ಆ ಜಾಗದ ಗುರುತಿರುವ ಪಟ್ಟಿ ಕಟ್ಟಿದ್ದಾರೆ. ಚಿನ್ನು ಅದನ್ನು ಬಳೆ ಅಂದುಕೊಂಡು ನಿದ್ದೆಯಲ್ಲೂ ಬಿಚ್ಚಲ್ಲ. ಪುಟ್ಟನ ಅಳತೆಯ ಲೈಫ್ ಜಾಕೆಟ್ ತಂದು ರೂಮಿಗೇ ಕೊಟ್ಟಿದ್ದಾರೆ. ಅದನ್ನು ಹಾಕಿದರೆ ಅವನ ಮುಖ ಕಾಣಿಸಲ್ಲ, ಬರೀ ಕೂಗು ಕೇಳಿಸುತ್ತೆ.

ಹೊಟ್ಟೆ ವಿಷಯ. ಅನ್ನ ಸಿಗುತ್ತೆ, ಬಾಳೆಹಣ್ಣು ಸಿಗುತ್ತೆ, ಹಾಲು ಯಾವಾಗ ಕೇಳಿದರೂ ಸಿಗುತ್ತೆ. ರೂಮಿಗೆ ಕೆಟಲ್ ತರೋಕೆ ಬಿಡಲ್ಲ, ಬೆಂಕಿಯ ಭಯ. ಅದಕ್ಕೇ ಬಿಸಿನೀರಿಗೆ ಫ್ಲಾಸ್ಕ್ ಹಿಡಿದು ಐದು ಮಹಡಿ ಹತ್ತುತ್ತೇನೆ. ಹಡಗುಗಳಲ್ಲಿ ವಾಂತಿ ಭೇದಿಯ ಒಂದು ವೈರಸ್ ಬೇಗ ಹರಡುತ್ತೆ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಅದು ಅಷ್ಟಾಗಿ ಬಗ್ಗಲ್ಲ, ಸೋಪು ನೀರೇ ಬೇಕು. ಊಟದ ಹಾಲ್ ಬಾಗಿಲಲ್ಲಿ ಒಬ್ಬ ನಿಂತು ಎಲ್ಲರ ಕೈ ತೊಳೆಸುತ್ತಾನೆ. ನೀನು ನಮ್ಮನ್ನು ಬೈದು ತೊಳೆಸುತ್ತಿದ್ದೆಯಲ್ಲ, ಹಾಗೆ. ಅವನು ನಗುತ್ತಾನೆ, ಅದೊಂದೇ ವ್ಯತ್ಯಾಸ.

ತಲೆ ಸುತ್ತಿದ್ದು ಯಾರಿಗೆ ಗೊತ್ತಾ? ಇವರಿಗೆ. ಮೊದಲ ಎರಡು ರಾತ್ರಿ ಸ್ವಲ್ಪ ಅಲೆ ಇತ್ತು. ಕೆಳಗಿನ ಮಹಡಿಯಲ್ಲಿ, ಹಡಗಿನ ಮಧ್ಯಭಾಗದಲ್ಲಿ ಅಲ್ಲಾಟ ಕಡಿಮೆ ಅಂತ ನಾನು ಹಟ ಹಿಡಿದು ಅಲ್ಲೇ ರೂಮು ತಗೊಂಡಿದ್ದೆ. ಆಗ ನಕ್ಕವರು ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಮಕ್ಕಳಿಗೆ ಏನೂ ಆಗಲಿಲ್ಲ, ತೊಟ್ಟಿಲು ಅಂದುಕೊಂಡು ಮಲಗಿದವು.

ಚಿಕ್ಕಮ್ಮ ಕೇಳಿದಳು ಅಂತ ಬರೆದಿದ್ದೀಯ: ಊರಿಗೆ ಬರೋಕೆ ರಜೆ ಇಲ್ಲ, ಹದಿನಾರು ದಿನ ಹಡಗಿಗೆ ಇದೆಯಾ ಅಂತ. ಚಿಕ್ಕಮ್ಮನ ಹೆಸರಿನಲ್ಲಿ ನೀನೇ ಕೇಳಿದ್ದು ಅಂತ ಗೊತ್ತು. ಇವರ ರಜೆ ಈ ವರ್ಷ ಬಳಸದಿದ್ದರೆ ಹೋಗಿಬಿಡುತ್ತಿತ್ತು. ಎರಡು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಇಪ್ಪತ್ತು ಗಂಟೆ ಮೇಲೆ ವಿಮಾನದಲ್ಲಿ ಕೂರೋದು ಬೇಡ ಅನಿಸಿತು. ಇಲ್ಲಿ ಒಂದು ಸಲ ಪೆಟ್ಟಿಗೆ ಬಿಚ್ಚಿದರೆ ಆಯ್ತು, ಊರುಗಳೇ ನಮ್ಮ ಹತ್ತಿರ ಬರುತ್ತವೆ. ಬರೆಯುವಾಗ ಚೆನ್ನಾಗಿದೆ ಈ ಮಾತು. ನಿನ್ನ ಅಂಚಿನ ಸಾಲು ಓದಿದ ಮೇಲೆ ನನಗೇ ಅಷ್ಟು ಚೆನ್ನಾಗಿ ಕೇಳಿಸುತ್ತಿಲ್ಲ.

ಮತ್ತೆ, ಸುಖ ಅಂದರೆ ಅಂಥ ಸುಖವೂ ಅಲ್ಲ. ಒಂದು ಪೆಟ್ಟಿಗೆ ತುಂಬ ಡೈಪರ್ ತಂದಿದ್ದೇವೆ, ದಿನಕ್ಕೆ ಆರರ ಲೆಕ್ಕ, 96. ಡೈಪರ್ ಹಾಕುವ ಮಗುವನ್ನು ಈಜುಕೊಳಕ್ಕೆ ಇಳಿಸೋ ಹಾಗಿಲ್ಲ, ಈಜಿಗೆ ಅಂತಲೇ ಬರುವ ಡೈಪರ್ ಹಾಕಿದರೂ ಇಲ್ಲ. ಪುಟ್ಟ ದಡದಲ್ಲಿ ನಿಂತು ನೀರು ತೋರಿಸಿ ಅಳುತ್ತಾನೆ. ಮಕ್ಕಳ ಆಟದ ಕೋಣೆಗೆ ಮೂರು ವರ್ಷ ತುಂಬಿರಬೇಕು, ಚಿನ್ನು ಹೋಗುತ್ತಾಳೆ, ವಾಪಸ್ ಬರಲ್ಲ ಅಂತಾಳೆ. ರೂಮಿನ ಬಾಗಿಲು ಕಬ್ಬಿಣದ್ದು, ಅಯಸ್ಕಾಂತ ಅಂಟುತ್ತೆ. ಅವಳು ಬರೆದ ಮೀನಿನ ಚಿತ್ರ ಅಂಟಿಸಿದ್ದೇವೆ, ಉದ್ದಾನುದ್ದ ಒಂದೇ ತರಹದ ಬಾಗಿಲುಗಳಲ್ಲಿ ನಮ್ಮದು ಸಿಗಲಿ ಅಂತ. ಅದು ಮೀನಲ್ಲ, ಅಜ್ಜ ಅಂತಾಳೆ. ರೂಮು ಕ್ಲೀನ್ ಮಾಡುವ ಹುಡುಗ ಫಿಲಿಪೀನ್ಸ್‌ನವನು, ಎಂಟು ತಿಂಗಳಿಂದ ಮನೆಗೆ ಹೋಗಿಲ್ಲ, ಅವನಿಗೂ ಪುಟ್ಟನಷ್ಟೇ ಮಗ ಇದ್ದಾನೆ. ದಿನಾ ಟವೆಲ್ ಮಡಚಿ ಆನೆ, ಮೊಲ ಮಾಡಿ ಇಡುತ್ತಾನೆ. ಮೊನ್ನೆ ಕೋತಿ ಮಾಡಿ ಹ್ಯಾಂಗರ್‌ಗೆ ನೇತುಹಾಕಿದ್ದ. ಪುಟ್ಟ ಕಿಟಾರನೆ ಕಿರುಚಿದ. ಅವನು ಪಾಪ ಓಡಿಬಂದು ಕೋತಿ ಬಿಚ್ಚಿ, ಬರೀ ಟವೆಲ್ ಅಂತ ತೋರಿಸಿದ.

ಏಳೂವರೆಗೆ ದೀಪ ಆರಿಸಬೇಕು, ಇಲ್ಲದಿದ್ದರೆ ಪುಟ್ಟ ಮಲಗಲ್ಲ. ಮಂಚಕ್ಕೂ ಬೀರುವಿಗೂ ನಡುವೆ ಅವನ ತೊಟ್ಟಿಲು. ಇವರು ಕತ್ತಲಲ್ಲಿ ಕೂರುತ್ತಾರೆ, ನಾನು ಬಚ್ಚಲಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕೊಲಂಬಿಯಾ ನೋಡಿದೆಯಾ ಅಂತ ಯಾರಾದರೂ ಕೇಳಿದರೆ ಹೂಂ ಅನ್ನು. ನಿಜ ಹೇಳಬೇಕೆಂದರೆ ನಾವು ಬಂದರಿನ ಆವರಣ ದಾಟಿಲ್ಲ. ಅಲ್ಲೇ ನವಿಲು, ಫ್ಲೆಮಿಂಗೊ, ದೊಡ್ಡ ಗಿಳಿಗಳು ಇರುವ ಒಂದು ತೋಟ ಇದೆ. ಮಕ್ಕಳು ಅಲ್ಲಿಂದ ಕದಲಲಿಲ್ಲ. ಹಳೇ ಕೋಟೆ ಊರು ದೂರದಿಂದ ಕಂಡಿತು.

ಈಗ ಅಪ್ಪನ ವಿಷಯ.

ನಿನಗೆ ಹೇಳಬಾರದು ಅಂತಿದ್ದೆ, ಹೇಳಿಬಿಡ್ತೀನಿ, ಹೆದರಬೇಡ. ನಿನ್ನೆ ಬಿಸಿಲಲ್ಲಿ ಪುಟ್ಟ ಚಪ್ಪಲಿ ಕಿತ್ತೆಸೆದು ಡೆಕ್ಕಿನ ಮೇಲೆ ಕಾಲಿಟ್ಟ. ಕಾದ ಕಾವಲಿಯಂತಿತ್ತು. ಎರಡು ಹೆಜ್ಜೆ ಇಟ್ಟಿರಬೇಕು, ಹಡಗು ಹಾರಿಹೋಗುವಂತೆ ಕೂಗಿದ. ಎತ್ತಿಕೊಂಡು ಓಡಿ ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಕಾಲು ಹಿಡಿದೆ. ಅಂಗಾಲು ಕೆಂಪಾಗಿತ್ತು, ಅಷ್ಟೇ, ಬೊಬ್ಬೆ ಬಂದಿಲ್ಲ, ಇವತ್ತು ಓಡಾಡುತ್ತಿದ್ದಾನೆ. ಹಡಗಿನ ಆಸ್ಪತ್ರೆಗೂ ತೋರಿಸಿದೆ. ಇಲ್ಲಿ ಡಾಕ್ಟರು, ನರ್ಸು ಎಲ್ಲ ಇದ್ದಾರೆ.

ನರ್ಸು ಅವನ ಕಾಲು ನೋಡುತ್ತಿದ್ದಾಗ ಸುಮ್ನೆ ಅಪ್ಪನ ಮಾತು ತೆಗೆದೆ. ವಯಸ್ಸು ಕೇಳಿದಳು. ಶುಗರ್ ಎಷ್ಟು ವರ್ಷದಿಂದ ಅಂದಳು. ಹದಿನೇಳು ಅಂದೆ. ಗಾಯ ಮೂರು ವಾರ ಆಯ್ತು, ಸದ್ಯ ನೋವಿಲ್ಲ ಅಂದೆ, ನಾನೇ ಸಮಾಧಾನ ಮಾಡಿಕೊಳ್ಳುವ ಹಾಗೆ. ಅವಳು ಪುಟ್ಟನ ಕಾಲು ಬಿಟ್ಟು ನನ್ನ ಮುಖ ನೋಡಿದಳು. ನೋವಿದ್ದಿದ್ದರೆ ಒಳ್ಳೇದಿತ್ತು ಅಂದಳು.

ಅಮ್ಮಾ, ಶುಗರ್ ಹಳೆಯದಾದರೆ ಕಾಲಿನ ನರ ಮರಗಟ್ಟುತ್ತೆ. ಚಪ್ಪಲಿ ಕಚ್ಚಿದ್ದು ಗೊತ್ತಾಗಲ್ಲ, ಕಲ್ಲು ಚುಚ್ಚಿದ್ದು ಗೊತ್ತಾಗಲ್ಲ. ರಕ್ತ ಓಡಾಟವೂ ಕಡಿಮೆಯಾಗಿದ್ದರೆ ಗಾಯ ಮಾಯಲ್ಲ, ಒಳಗೊಳಗೇ ಕೀವಾಗಿ ಮೂಳೆವರೆಗೆ ಹೋಗಬಹುದು. ಪುಟ್ಟ ಎರಡು ಹೆಜ್ಜೆಗೆ ಕೂಗಿದ. ಅಪ್ಪ ಅದೇ ಕಾಲಲ್ಲಿ ಮೂರು ವಾರ ವಾಕಿಂಗ್ ಹೋಗಿದ್ದಾರೆ. ಹೋಗಿದ್ದಾರೆ ಅಲ್ವಾ? ನೀನು ಬರೆದಿಲ್ಲ, ನನಗೆ ಗೊತ್ತು.

ಆದ್ದರಿಂದ ನಾಳೆಯೇ, ನಾಡಿದ್ದಲ್ಲ, ಡಾಕ್ಟರ ಹತ್ತಿರ. ಮೆಡಿಕಲ್ ಶಾಪಿನ ಮುಲಾಮು ಸಾಕಾಗಲ್ಲ. ಬಿಸಿನೀರಲ್ಲಿ ಕಾಲು ಅದ್ದಿ ಕೂರಿಸಬೇಡ, ಸುಟ್ಟರೂ ಅವರಿಗೆ ತಿಳಿಯಲ್ಲ. ಸುತ್ತ ಗಟ್ಟಿಯಾದ ಚರ್ಮವನ್ನು ಅವರು ಬ್ಲೇಡು ಹಿಡಿದು ಕೆರೆಯೋಕೆ ಕೂತರೆ ಬ್ಲೇಡು ಕಿತ್ತುಕೋ. ಮನೆಯೊಳಗೂ ಬರಿಗಾಲು ಬೇಡ. ಆ ಕಾಲಿನ ಮೇಲೆ ಭಾರ ಬೀಳಬಾರದು, ಗಾಯ ಮಾಯೋಕೆ ಅದು ಔಷಧಿಯಷ್ಟೇ ಮುಖ್ಯ. ಅಣ್ಣ, ನೀನು ಜೊತೆಗೆ ಹೋಗು. ಕಾಲಿನ ರಕ್ತ ಓಡಾಟಕ್ಕೆ ಡಾಪ್ಲರ್ ಬೇಕಾ, ಎಕ್ಸ್‌ರೇ ಬೇಕಾ ಅಂತ ಬಾಯಿಬಿಟ್ಟು ಕೇಳು. ಮೂರು ತಿಂಗಳ ಶುಗರ್ ಲೆಕ್ಕ ಸಿಗುವ ಟೆಸ್ಟ್ ಇದೆಯಲ್ಲ, ಎಚ್‌ಬಿಎ1ಸಿ, ಅದನ್ನೂ ಮಾಡಿಸು. ವಾಸನೆ ಬಂದರೆ, ಬೆರಳು ಕಪ್ಪಾದರೆ, ಊತ ಮೇಲೆ ಹತ್ತಿದರೆ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡ. ದುಡ್ಡಿನ ಮಾತು ಬೇಡವೇ ಬೇಡ. ನಾಳೆ ಬಂದರಿನಲ್ಲಿ ಒಳ್ಳೆ ನೆಟ್ ಸಿಕ್ಕ ಕೂಡಲೇ ನಿನ್ನ ಖಾತೆಗೆ ಹಾಕುತ್ತೇನೆ.

ಅಪ್ಪ ಬರಲ್ಲ ಅಂತಾರೆ. ಅದಕ್ಕೆ ಒಂದು ಉಪಾಯ. ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ಗೇಟು ಎತ್ತಿಸಿ ಇಳಿಸಿದವರಿಗೆ ನಾನು ನಿನ್ನೆ ದಾಟಿದ ಪನಾಮಾ ಕಾಲುವೆಯ ಕಥೆ ಬೇಕೇ ಬೇಕು. ಕಾಲನ್ನು ಸ್ಟೂಲಿನ ಮೇಲೆ ಚಾಚಿ ಇಟ್ಟುಕೊಂಡರೆ ಮಾತ್ರ ಮುಂದಿನದನ್ನು ಓದಿ ಹೇಳು.

ಅಪ್ಪಾ, ಅಲ್ಲಿ ಒಂದು ಪಂಪೂ ಇಲ್ಲ. 1914ರಲ್ಲಿ ತೆರೆದದ್ದು, ಹಳೇ ಗೇಟುಗಳಲ್ಲಿ ಇವತ್ತಿಗೂ ನೀರು ತನ್ನ ಭಾರಕ್ಕೇ ಹರಿದು ತುಂಬುತ್ತದೆ. ಚಾಗ್ರೆಸ್ ನದಿಗೆ ಅಣೆಕಟ್ಟು ಹಾಕಿ ಗಟೂನ್ ಅನ್ನೋ ಕೆರೆ ಮಾಡಿದ್ದಾರೆ, ಸಮುದ್ರಕ್ಕಿಂತ 85 ಅಡಿ ಮೇಲೆ. ಗೇಟು ಹಾಕಿದ ಕೋಣೆಗಳಿಗೆ ನೀರು ತುಂಬಿಸಿ, ಮೂರು ಮೆಟ್ಟಿಲಲ್ಲಿ ಇಡೀ ಹಡಗನ್ನು ಮೇಲೆತ್ತುತ್ತಾರೆ. ಕೋಣೆಯ ಅಗಲ 110 ಅಡಿ, ನಮ್ಮ ಹಡಗು 106. ಎರಡೂ ಕಡೆ ಎರಡೆರಡೇ ಅಡಿ. ನಾನು ಕೆಳಗಿನ ಕಿಟಕಿಯಿಂದ ನೋಡಿದೆ, ಪಾಚಿ ಕಟ್ಟಿದ ಒದ್ದೆ ಗೋಡೆ ಮೂಗಿನ ಮುಂದೆಯೇ ಇತ್ತು. ಅದು ನಿಧಾನಕ್ಕೆ ಕೆಳಗಿಳಿಯುತ್ತಾ ಹೋಯಿತು. ಆಮೇಲೆ ಗೋಡೆಯ ಮೇಲಿನ ಹಳಿ ಕಂಡಿತು, ಅದರ ಮೇಲೆ ಹಗ್ಗ ಕಟ್ಟಿಕೊಂಡು ಹಡಗನ್ನು ನೇರಕ್ಕೆ ಹಿಡಿದಿದ್ದ ಪುಟಾಣಿ ಎಂಜಿನ್. ಅದಕ್ಕೆ ಹೇಸರಗತ್ತೆ ಅಂತಲೇ ಹೆಸರು. ಚಿನ್ನು ಗಂಟೆಗಟ್ಟಲೆ ಕತ್ತೆ ಎಲ್ಲಿ ಅಂತ ಹುಡುಕಿದಳು. ಒಂದು ಹಡಗು ಪೂರ್ತಿ ದಾಟುವಷ್ಟರಲ್ಲಿ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರದ ಪಾಲು. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ ಬಿಡುವ ಹಡಗುಗಳನ್ನೇ ಕಡಿಮೆ ಮಾಡಿದ್ದರು. ನಿಮಗೆ ಇದು ಹೊಸ ಜಗಳವಲ್ಲ. 1928ರಲ್ಲಿ ಹ್ಯಾಲಿಬರ್ಟನ್ ಅಂತ ಒಬ್ಬ ಇಡೀ ಕಾಲುವೆ ಈಜಿದ, ಅವನನ್ನೂ ಹಡಗಿನ ಲೆಕ್ಕದಲ್ಲಿ ತೂಗಿ 36 ಸೆಂಟ್ ಸುಂಕ ವಸೂಲು ಮಾಡಿದರು.

ಇನ್ನೊಂದು. ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಅಂದರೆ ಪಶ್ಚಿಮಕ್ಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಾಲುವೆಯಲ್ಲಿ ಹಡಗು ಹೋದದ್ದು ಪೂರ್ವದ ಕಡೆಗೆ. ಹೇಗೆ ಅಂತ ನಕ್ಷೆ ನೋಡಿ ನೀವೇ ಹೇಳಿ. ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕಾಯುವಾಗ ಯೋಚಿಸಿ. ಉತ್ತರವನ್ನು ಡಾಕ್ಟರ ಚೀಟಿಯ ಜೊತೆ ಕಳಿಸಿ.

ಅಮ್ಮಾ, ಬೇಕಾದರೆ ನಾನು ನಾಳೆ ಕೋಸ್ಟರಿಕಾದ ಪುಂಟರೇನಸ್‌ನಲ್ಲೇ ಇಳಿದು ವಿಮಾನ ಹತ್ತುತ್ತೇನೆ. ಇವರೂ ಹೂಂ ಅಂದಿದ್ದಾರೆ. ಹಳದಿ ಜ್ವರದ ಇಂಜೆಕ್ಷನ್ ಆಗಿದೆ, ಮಕ್ಕಳಿಗೂ ಆಗಿದೆ. ಆ ಕಾರ್ಡ್ ಇಲ್ಲದೆ ಪನಾಮಾ ಕಡೆಯಿಂದ ಆರು ದಿನದೊಳಗೆ ಇಂಡಿಯಾಕ್ಕೆ ಬಂದರೆ ವಿಮಾನ ನಿಲ್ದಾಣದಲ್ಲೇ ಹಿಡಿದು ಬೇರೆ ಇಡುತ್ತಾರೆ. ಪೆಟ್ಟಿಗೆಯ ತಳದಲ್ಲಿತ್ತು, ನಿನ್ನೆ ರಾತ್ರಿ ತೆಗೆದು ಪರ್ಸಿಗೆ ಹಾಕಿಕೊಂಡೆ. ಸುಮ್ನೆ ಹಾಕಿಕೊಂಡೆ. ಏನೂ ಆಗಿರಲ್ಲ. ಸಣ್ಣ ಗಾಯ ಇರುತ್ತೆ, ಡಾಕ್ಟರು ತೊಳೆದು ಕಟ್ಟುತ್ತಾರೆ, ಹದಿನೈದು ದಿನದಲ್ಲಿ ವಾಸಿಯಾಗುತ್ತೆ. ನನಗೆ ಭಯ ಇಲ್ಲ, ನೀನೂ ಹೆದರಬೇಡ.

ನಾಳೆ ನಮಗೆ ಬೆಳಗ್ಗೆ ಎಂಟು, ನಿಮಗೆ ಸಂಜೆ ಏಳೂವರೆ. ದಡಕ್ಕೆ ಇಳಿದ ತಕ್ಷಣ ವಿಡಿಯೋ ಮಾಡುತ್ತೇನೆ. ಅಷ್ಟರೊಳಗೆ ಡಾಕ್ಟರು ನೋಡಿರಬೇಕು. ಫೋಟೋ ಈಗಲೇ ಬೇಕು, ಟ್ಯೂಬ್‌ಲೈಟ್ ಕೆಳಗೆ ತೆಗೆ, ಬೆರಳಿನ ಸಂದೂ ಕಾಣಬೇಕು, ಅಪ್ಪ ಕಾಲು ಎಳೆದುಕೊಂಡರೆ ಅಣ್ಣ ಹಿಡಿದುಕೊಳ್ಳಲಿ. ಇವತ್ತು ರಾತ್ರಿ ಹಡಗಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಎಲ್ಲರಿಗೂ ಒಂದು ಗಂಟೆ ನಿದ್ದೆ ಲಾಭವಂತೆ. ಪುಟ್ಟ ಐದರ ಬದಲು ನಾಲ್ಕಕ್ಕೆ ಏಳುತ್ತಾನೆ, ನಮಗೆ ಅದೇ ಲಾಭ.

ಅಯ್ಯೋ, ಈಗಲೇ ಎದ್ದ, ಬಾಗಿಲು ತಟ್ಟುತ್ತಿದ್ದಾನೆ. ಅತ್ತಿಗೆಗೆ ಕೇಳಿದೆ ಅಂತ ಹೇಳು. ಚಿಕ್ಕಮ್ಮನಿಗೆ ಏನೂ ಹೇಳಬೇಡ. ಫೋಟೋ ಮರೀಬೇಡ.

ನಿನ್ನ
ಮಗಳು