ಗೋಡೆ ಹತ್ತಿದ ಕಳ್ಳ ಮತ್ತು ನಿಮ್ಮ ಭರವಸೆ

ಮಾನ್ಯ ಶಾಸಕರೇ,

ಕಳೆದ ವಾರದ ಸಭೆಯಲ್ಲಿ ನೀವು, "ಕಳ್ಳ ಸಿಕ್ಕರೆ ಅಲ್ಲೇ ಮುಗಿಸಿಬಿಡಿ, ಕೇಸು ನಾನು ನೋಡಿಕೊಳ್ಳುತ್ತೇನೆ" ಎಂದಿರಿ. ಚಪ್ಪಾಳೆ ಜೋರಾಗಿ ಬಿತ್ತು. ಹಿಂದಿನ ಸಾಲಿನಲ್ಲಿದ್ದ ನಾನೂ ತಟ್ಟಿದೆ, ಸುಳ್ಳೇಕೆ ಹೇಳಲಿ? ಕಳೆದ ವರ್ಷ ನಮ್ಮ ಹಿತ್ತಲಿಗೂ ಕಳ್ಳ ಬಂದಿದ್ದ.

ರಾತ್ರಿ ಎರಡು ಗಂಟೆ. ಸ್ಪ್ಯಾನರ್ ಕಲ್ಲಿನ ಮೇಲೆ ಬಿದ್ದ ಸದ್ದಿಗೆ ಎಚ್ಚರವಾಗಿ, ಹಾರೆ ಹಿಡಿದು ಹೊರಗೆ ಬಂದೆ. ನೀರಿನ ಮೋಟರನ್ನು ಹೆಗಲಿಗೇರಿಸಿದ್ದವನು ನನ್ನನ್ನು ಕಂಡವನೇ ಅದನ್ನು ಕೆಡವಿ ಗೋಡೆ ಹತ್ತಿದ. ಗೋಡೆಯ ಮೇಲಿನ ಗಾಜಿನ ಚೂರಿಗೆ ಅವನ ಅಂಗಿ ಸಿಕ್ಕಿಕೊಂಡಿತು. ಹಾರೆಗೆ ಎಟುಕುವಷ್ಟು ಹತ್ತಿರದಲ್ಲಿ ಅವನ ಬೆನ್ನು. ನಾನು ಹೊಡೆಯಲಿಲ್ಲ. ದೊಡ್ಡತನದಿಂದಲ್ಲ, ಕೈ ನಡುಗುತ್ತಿತ್ತು. ಅಂಗಿ ಹರಿದುಕೊಂಡು ಆಚೆಗೆ ಹಾರಿದ. ಒಂದು ಚಪ್ಪಲಿ ಈಚೆಗೇ ಉಳಿಯಿತು.

ಹೊಡೆದಿದ್ದರೆ ಏನಾಗುತ್ತಿತ್ತು ಎಂಬ ಹುಳು ತಲೆ ಹೊಕ್ಕು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯನ್ನು, ಅಂದರೆ ಅಪರಾಧ ಮತ್ತು ಶಿಕ್ಷೆಗಳ ಕಾನೂನನ್ನು, ತೆರೆದು ಕುಳಿತೆ. ಕಾನೂನು ನಮ್ಮ ಕೈ ಕಟ್ಟಿಹಾಕಿದೆ ಎಂದಿರಲ್ಲ, ಹಾಗೇನೂ ಇಲ್ಲ. ಜೀವಕ್ಕೆ ಅಪಾಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಇಂಥ ಹೊತ್ತಿನಲ್ಲಿ ಆತ್ಮರಕ್ಷಣೆಯ ಹಕ್ಕು ಬಳಸಿ ಹೊಡೆದು ಎದುರಾಳಿಯ ಪ್ರಾಣ ಹೋದರೂ ಅಪರಾಧವಲ್ಲ ಎನ್ನುತ್ತದೆ 38ನೆಯ ಕಲಂ. ಆಸ್ತಿಯ ವಿಚಾರದಲ್ಲಿ 41ನೆಯ ಕಲಂ ಇದೇ ಹಕ್ಕನ್ನು ದರೋಡೆ ಮಾಡುವವನ, ರಾತ್ರಿ ಹೊತ್ತು ಮನೆ ಒಡೆದು ನುಗ್ಗುವವನ, ವಾಸದ ಮನೆಗೆ ಬೆಂಕಿ ಇಡುವವನ ವಿರುದ್ಧ ಕೊಡುತ್ತದೆ. ಬರೀ ಕಳ್ಳತನವಾದರೆ, ಅದರಿಂದ ಸಾವು ಅಥವಾ ತೀವ್ರ ಗಾಯದ ಭಯ ಇರಲೇಬೇಕು. ಇಷ್ಟರ ಮೇಲೆ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು 37ನೆಯ ಕಲಂ ಎಲ್ಲದಕ್ಕೂ ಲಗಾಮು ಹಾಕುತ್ತದೆ.

ನನ್ನ ಕಳ್ಳ ಇವುಗಳಲ್ಲಿ ಯಾವುದಕ್ಕೂ ಸೇರುವವನಲ್ಲ. ಅವನು ಮನೆಯೊಳಗೆ ಕಾಲಿಟ್ಟಿರಲಿಲ್ಲ, ಮೋಟರ್ ನೆಲದ ಮೇಲಿತ್ತು, ಅವನ ಮುಖ ಗೋಡೆಯ ಕಡೆಗಿತ್ತು. ಅದೇ ಮನುಷ್ಯ ಅದೇ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲು ಮುರಿದು ಒಳಗೆ ಬಂದು ನನ್ನ ಹೆಂಡತಿಯ ಎದುರು ನಿಂತಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು. ಎರಡಕ್ಕೂ ನಡುವೆ ಇದ್ದದ್ದು ಹತ್ತು ಹೆಜ್ಜೆ. (ಬೇಲಿಗೆ ಕರೆಂಟು ಹರಿಸಿ ಮಲಗುವವರಿಗೂ ಇದನ್ನು ಹೇಳಬೇಕು. ಬಂದವನು ಕಳ್ಳನೋ, ಚೆಂಡು ಹುಡುಕಿಕೊಂಡು ಬಂದ ಹುಡುಗನೋ ಎಂದು ತಂತಿ ನೋಡುವುದಿಲ್ಲ.)

ಭಯದಲ್ಲಿ ಬೀಸಿದ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ನ್ಯಾಯವಾದ ಮಾತು. ಆದರೆ ಅದು ಭಯಕ್ಕೆ ಸಲ್ಲುವ ರಿಯಾಯಿತಿ, ಸಿಟ್ಟಿಗೆ ಅಲ್ಲ. ನಿಮ್ಮ ಸಭೆಯಲ್ಲಿ ನನಗೆ ಕಂಡದ್ದು ಸಿಟ್ಟೇ.

ಇನ್ನು ಕೇಸು ನೋಡಿಕೊಳ್ಳುವ ಮಾತು. ಆತ್ಮರಕ್ಷಣೆಗಾಗಿ ಹೊಡೆದೆ ಎಂದು ತೋರಿಸಿಕೊಡುವ ಹೊಣೆ ಕಟಕಟೆಯಲ್ಲಿ ನಿಂತವನದು. ಅಲ್ಲಿ ನಿಮ್ಮ ಫೋನು ನಡೆಯುವುದಿಲ್ಲ. ನಿಮ್ಮ ಮಾತು ನಂಬಿ ಹಾರೆ ಬೀಸಿದ ಹುಡುಗ ಜೈಲಿನಲ್ಲಿರುವಾಗ ಅವನ ಮನೆಯ ಬಾಡಿಗೆಯನ್ನೂ ನೀವೇ ನೋಡಿಕೊಳ್ಳುತ್ತೀರಾ?

ಆ ರಾತ್ರಿ ನಾನು 112ಕ್ಕೆ ಕರೆ ಮಾಡಿದ್ದೆ. ಪೊಲೀಸರು ಬಂದದ್ದು ಬೆಳಕು ಹರಿದ ಮೇಲೆ. ನೀವು ನೋಡಿಕೊಳ್ಳಬಹುದಾದ ಕೆಲಸ ಅಲ್ಲಿದೆ: ರಾತ್ರಿ ಬೀಟಿಗೆ ಜನ ಕೊಡಿಸಿ, ಕೆಟ್ಟ ಬೀದಿದೀಪ ಸರಿಮಾಡಿಸಿ. ಮುಂದಿನ ಸಭೆಯಲ್ಲಿ ಅದೇ ಮೈಕಿನಲ್ಲಿ 37ನೆಯ ಕಲಮನ್ನು ಓದಿ ಹೇಳಿ. ಚಪ್ಪಾಳೆ ಬೀಳಲಿಕ್ಕಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ