ಅಂತರಸನಹಳ್ಳಿಯ ಹಿರಿಯರಿಗೆ

ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಲಾರಿಗಳ ಬಾಡಿ ಕಟ್ಟುವ ಹಿರಿಯರೇ, ಹೆಸರು ಕೇಳಿದರೆ "ಕೆಲಸ ಆಯಿತಲ್ಲ, ಹೊರಡಿ" ಎಂದಿರಿ. ಹಾಗಾಗಿ ಹೆಸರಿಲ್ಲದ ಧನ್ಯವಾದವಿದು.

ಟ್ರೇಲರ್ ಮೇಲೆ ಬೆಂಗಳೂರಿನಿಂದ ಕಾರವಾರಕ್ಕೆ ಹೊರಟಿದ್ದ ನಮ್ಮ ಪುಟ್ಟ ಹಾಯಿದೋಣಿಯನ್ನು ನೋಡಿ ತುಮಕೂರಿನಲ್ಲಿ ನಗದವರು ಕಡಿಮೆ. ನೀವು ನಗಲಿಲ್ಲ, ಕನ್ನಡಕ ಹಾಕಿಕೊಂಡಿರಿ. ಹಾಯಿಕಂಬವನ್ನು ಪಕ್ಕದಿಂದ ಎಳೆದು ಹಿಡಿಯುವ ತಂತಿಹಗ್ಗದ ಪಟ್ಟಿ ಸಡಿಲವಾಗಿ, ಫೈಬರ್‌ನಲ್ಲಿದ್ದ ಬೋಲ್ಟ್ ತೂತುಗಳು ಅಗಲವಾಗಿದ್ದವು. ಕಂಬದ ಮೇಲಿನ ಕೊಂಡಿಯ ಸುತ್ತ ಬಿಳಿ ಪುಡಿ. ಅಲ್ಯೂಮಿನಿಯಂ ಕಂಬಕ್ಕೆ ಸ್ಟೇನ್‌ಲೆಸ್ ಕೊಂಡಿ ನೇರವಾಗಿ ತಾಗಿದರೆ ಉಪ್ಪುನೀರಿನಲ್ಲಿ ಸವೆಯುವುದು ಅಲ್ಯೂಮಿನಿಯಂ. ಇದನ್ನು ನಾನು ವಿವರಿಸುವ ಮೊದಲೇ, "ನಡುವೆ ಏನಾದರೂ ಹಾಕಬೇಕಿತ್ತು" ಎಂದಿರಿ! ಸಮುದ್ರ ಇಲ್ಲಿಂದ ಎಷ್ಟು ದೂರ, ಆದರೂ ಲೋಹದ ಸ್ವಭಾವ ನಿಮಗೆ ಗೊತ್ತು.

ಹಳೆಯ ರಿವೆಟ್‌ಗಳನ್ನು ಕೊರೆದು ತೆಗೆದು, ನೈಲಾನ್ ಹಾಳೆ ಕತ್ತರಿಸಿ ಕೊಂಡಿಯ ಅಡಿಗಿಟ್ಟಿರಿ. ಪಟ್ಟಿಯ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯಿತು. ತೂತುಗಳಿಗೆ ಎಪಾಕ್ಸಿ ತುಂಬಿ, ಅದು ಗಟ್ಟಿಯಾಗುವವರೆಗೆ ಮುಟ್ಟಲು ಬಿಡದೆ ನಮ್ಮನ್ನು ರಾತ್ರಿ ಊರಿನಲ್ಲೇ ಉಳಿಸಿದಿರಿ. ಬೆಳಿಗ್ಗೆ ಹೊಸದಾಗಿ ಕೊರೆದು, ಸೀಲಂಟ್ ಹಚ್ಚಿ, "ವಾಷರ್ ಸಾಲದು, ಎಳೆತ ಹಂಚಿಹೋಗಬೇಕು" ಎನ್ನುತ್ತ ಒಳಗಿನಿಂದ ದಪ್ಪ ಪ್ಲೇಟ್ ಕೊಟ್ಟು ಬಿಗಿದಿರಿ. ತಯಾರಕರು ಅಲ್ಲಿ ವಾಷರ್‌ಗಳನ್ನಷ್ಟೇ ಹಾಕಿದ್ದರು. ಕಾರವಾರದ ಗಾಳಿಗೆ ಪಟ್ಟಿ ಕದಲಲಿಲ್ಲ.

ಬೋಲ್ಟ್‌ಗಳ ದುಡ್ಡು ಮಾತ್ರ ತೆಗೆದುಕೊಂಡಿರಿ. ಕೂಲಿ ಬಾಕಿಯಿದೆ, ಮುಂದಿನ ಸಲ ಆ ದಾರಿಯಲ್ಲಿ ಬಂದಾಗ ಕೊಡುತ್ತೇನೆ, ಬೇಡ ಎನ್ನಬಾರದು.